ದಂತಪಂಕ್ತಿಯೂ ಉಪಾಧ್ಯಾಯರೂ

ಸಂಸ್ಕೃತದಲ್ಲಿ ಹಲ್ಲಿಗೆ ‘ದ್ವಿಜ’ವೆಂಬ ಹೆಸರುಂಟು, ಹಕ್ಕಿಯಂತೆ ಅದಕ್ಕೂ ಎರಡು ಜನ್ಮ. ಅತ್ತಿಬೆಲೆಯ ಬಳಿಯ ಶಾಲೆಯೊಂದರಲ್ಲಿ ನಾನು ಈ ಅರ್ಥವನ್ನು ವರ್ಷವರ್ಷವೂ ಬೋಧಿಸಿದೆನು. ಎದುರಿಗೆ ಕುಳಿತ ಮಕ್ಕಳ ಬಾಯಲ್ಲಿ ಆ ಎರಡನೆಯ ಜನ್ಮವು ಹೇಗೆ ನಡೆದಿದೆಯೆಂದು ಒಮ್ಮೆಯೂ ನೋಡಲಿಲ್ಲ.

ಏಳನೆಯ ತರಗತಿಯ ಹುಡುಗಿಯೊಬ್ಬಳಿಗೆ ಮೇಲಿನ ಮುಂದಿನ ಹಲ್ಲುಗಳು ತುಟಿಯನ್ನು ಮೀರಿ ಚಾಚಿದ್ದುವು. ‘ಸ’ಕಾರವು ಶುದ್ಧವಾಗಿಲ್ಲವೆಂದು ಅವಳಿಂದ ಹತ್ತು ಸಲ ಹೇಳಿಸಿದೆನು. ತರಗತಿಯು ನಕ್ಕಿತು, ‘ಹಲ್ಲುಬ್ಬಿ’ ಎಂಬ ಹೆಸರು ಅಂದೇ ಅಂಟಿತು. ಅಲ್ಲಿಂದಾಚೆಗೆ ಆಕೆ ಬಾಯಿಗೆ ಕೈ ಅಡ್ಡಹಿಡಿಯದೆ ಮಾತನಾಡಿದ್ದನ್ನು ನಾನು ಕಾಣೆ. ದಂತ್ಯಾಕ್ಷರಗಳ ಸ್ಥಾನವನ್ನು ಕಲಿಸುವವನಿಗೆ ದಂತವೇ ಸ್ಥಾನ ತಪ್ಪಿದೆಯೆಂಬುದು ತೋಚಲಿಲ್ಲ!

ಇತ್ತೀಚೆಗೆ ಬಸ್ ನಿಲ್ದಾಣದಲ್ಲಿ ಆಕೆಯನ್ನು ಕಂಡೆನು. ಮಗನ ಹಲ್ಲಿಗೆ ಕ್ಲಿಪ್ಪು ಹಾಕಿಸಲು ಬೆಂಗಳೂರಿಗೆ ಹೊರಟಿದ್ದಳು. “ನಮಸ್ಕಾರ ಮೇಷ್ಟ್ರೇ” ಎಂದಳು. ಕೈ ಬಾಯಿಯ ಮೇಲೆಯೇ ಇದ್ದಿತು. ಆ ಬಳಿಕವೇ ನಾನು ವೈದ್ಯರನ್ನು ಕೇಳಿ ಈ ವಿಷಯವನ್ನು ತಿಳಿದುಕೊಂಡದ್ದು.

ಸ್ಥಿರದಂತಗಳು ಸುಮಾರು ಆರನೆಯ ವರ್ಷಕ್ಕೆ ಮೂಡತೊಡಗಿ, ಬುದ್ಧಿಹಲ್ಲನ್ನುಳಿದು, ಹದಿಮೂರರ ವೇಳೆಗೆ ಪೂರ್ಣವಾಗುತ್ತವೆ. ಹಾಲುಹಲ್ಲು ಹೇಗೂ ಬೀಳತಕ್ಕದ್ದೆಂದು ನಾವು ಉದಾಸೀನರಾಗುತ್ತೇವೆ. ಆದರೆ ದವಡೆಯ ಹಾಲುಹಲ್ಲು ಹುಳುಕಾಗಿ ಅಕಾಲದಲ್ಲಿ ಹೋದರೆ, ನೆರೆಯ ಹಲ್ಲುಗಳು ಆ ತೆರಪಿಗೆ ಸರಿಯುತ್ತವೆ. ಹಿಂದೆ ಬರುವ ಹಲ್ಲಿಗೆ ಎಡೆ ಸಾಲದೆ ಅದು ಅಡ್ಡವಾಗಿ ಮೂಡುತ್ತದೆ. ವಂಶಗುಣವೂ ಒಂದು ಕಾರಣ. ಬೆರಳು ಚೀಪುವುದು ಬಹುಕಾಲ ನಿಲ್ಲದಿದ್ದರೂ ಪಂಕ್ತಿ ಕೆಡುತ್ತದೆ. ಸದಾ ಬಾಯಿ ತೆರೆದು ಕುಳಿತ ಬಾಲಕನನ್ನು ನಾವು ಮಂದನೆಂದು ಗದರಿಸುತ್ತೇವೆ. ಪಾಪ, ಅವನ ಮೂಗು ಕಟ್ಟಿರಬಹುದು.

ಇದು ಬರಿಯ ಅಲಂಕಾರದ ಮಾತಲ್ಲ. ಮುಂಚಾಚಿದ ಹಲ್ಲು ಆಟದಲ್ಲಿ ಬಿದ್ದಾಗ ಸುಲಭವಾಗಿ ಮುರಿಯುತ್ತದೆ. ಸ್ಥಿರದಂತವೇ ಕಿತ್ತು ಬಂದರೆ ಬೇರನ್ನು ಮುಟ್ಟದೆ, ಉಜ್ಜದೆ, ಹಾಲಿನಲ್ಲಿಟ್ಟು ಒಂದು ಗಂಟೆಯೊಳಗೆ ವೈದ್ಯರಲ್ಲಿಗೆ ಒಯ್ಯತಕ್ಕದ್ದು. ಈ ಸಂಗತಿಯನ್ನರಿತ ಉಪಾಧ್ಯಾಯರು ನಮ್ಮ ಶಾಲೆಯಲ್ಲಿ ಒಬ್ಬರೂ ಇರಲಿಲ್ಲ.

ಅಮೆರಿಕೆಯ ತಜ್ಞರ ಸಂಘವು ಏಳನೆಯ ವಯಸ್ಸಿನೊಳಗೆ ಒಮ್ಮೆ ಪರೀಕ್ಷೆ ಮಾಡಿಸಬೇಕೆನ್ನುತ್ತದೆ. ಏಳಕ್ಕೇ ತಂತಿ ಕಟ್ಟಬೇಕೆಂದಲ್ಲ. ಹಲವರಿಗೆ ಅದು ಸ್ಥಿರದಂತಗಳು ಬಂದ ಮೇಲೆ, ಒಂದೂವರೆ ಎರಡು ವರ್ಷಗಳ ಕೆಲಸ. ತಂತಿ ತೆಗೆದ ಬಳಿಕವೂ ಹಲ್ಲುಗಳು ಹಿಂದಿರುಗದಂತೆ ತಡೆಯುವ ಸಾಧನವನ್ನು ಧರಿಸಬೇಕು. ದೊಡ್ಡವರಿಗೂ ಈ ಚಿಕಿತ್ಸೆಯುಂಟು.

ನಮ್ಮ ಅತ್ತಿಬೆಲೆಯಲ್ಲಿ ಎಷ್ಟೋ ತಂದೆತಾಯಿಗಳು ಪಾಳಿಯ ಮೇಲೆ ಕಾರ್ಖಾನೆಗೆ ಹೋಗುವವರು. ಹಗಲು ಬೆಳಕಿನಲ್ಲಿ ಮಗುವಿನ ಮುಖವನ್ನು ಅವರಿಗಿಂತ ಹೆಚ್ಚು ಹೊತ್ತು ನೋಡುವವನು ಉಪಾಧ್ಯಾಯನೇ. ಅವನು ರೋಗನಿರ್ಣಯ ಮಾಡಬೇಕಿಲ್ಲ. ಮಗುವನ್ನು ನಗೆಗೀಡು ಮಾಡದೆ, ಪೋಷಕರನ್ನು ಕರೆದು ಏಕಾಂತದಲ್ಲಿ ಒಂದು ಮಾತು ಹೇಳಿದರಾಯಿತು. ವೆಚ್ಚಕ್ಕೆ ಅಂಜುವವರಿಗೆ, 1958ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸರಕಾರಿ ದಂತವೈದ್ಯ ಕಾಲೇಜಿನಲ್ಲಿ ಇದಕ್ಕೆಂದೇ ಒಂದು ವಿಭಾಗವಿದೆಯೆಂದೂ ತಿಳಿಸಬಹುದು.