ಹಳೇ ಜಾವಾಗೆ ಯಾವ ಆಯಿಲ್?

ಮೈಸೂರಿನ ಬೀದಿಯಲ್ಲಿ ಹಳೇ ಜಾವಾ ಮೋಟಾರ್ ಸೈಕಲ್ಲಿನ ಸದ್ದು ಕೇಳಿದರೆ ಇವತ್ತಿಗೂ ಜನ ತಿರುಗಿ ನೋಡುತ್ತಾರೆ. ಆದರೆ ಅದು ಬಿಟ್ಟುಹೋದ ಹೊಗೆ ನೋಡಿ ಎಂಜಿನ್ನಿನ ಕಾಯಿಲೆ ಹೇಳಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಅಂಥ ಹಿರಿಯ ಮೇಸ್ತ್ರಿಯೊಬ್ಬರನ್ನು ಕಾಣಲು ಹೋಗಿದ್ದೆ. ಹೆಸರು ಹಾಕಬೇಡಿ, ಗಾಡಿ ಬಗ್ಗೆ ಬರೆಯಿರಿ ಎಂದಷ್ಟೇ ಅವರ ಕೋರಿಕೆ.

ಗ್ಯಾರೇಜಿಗೆ ಯಾವ ಗಾಡಿ ಬಂದರೂ ಅವರು ಮೊದಲು ನೋಡುವುದು ಗೇರ್ ಬಾಕ್ಸಿನ ಆಯಿಲ್. ಡ್ರೈನ್ ನಟ್ ಬಿಚ್ಚಿ, ಇಳಿಯುವ ಎಣ್ಣೆಯನ್ನು ಅಂಗೈಗೆ ಹಿಡಿದು, ಹೆಬ್ಬೆರಳಿನಿಂದ ತೀಡಿ, ಬಿಸಿಲಿಗೆ ಒಡ್ಡುತ್ತಾರೆ. ಚಿನ್ನದ ಪುಡಿಯಂತೆ ಮಿನುಗಿದರೆ ಕಂಚಿನ ಬುಷ್ ಸವೆಯುತ್ತಿದೆ. ಹಾಲು ಬಿದ್ದ ಕಾಫಿಯ ಬಣ್ಣವಾದರೆ ನೀರು ಸೇರಿದೆ. ತೆಳ್ಳಗಾಗಿ ಪೆಟ್ರೋಲ್ ವಾಸನೆ ಹೊಡೆದರೆ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದೆ. ಅದೇ ಸೀಲ್ ಹೋದಾಗ ಗೇರ್ ಬಾಕ್ಸಿನ ಎಣ್ಣೆಯನ್ನು ಎಂಜಿನ್ ಒಳಕ್ಕೆ ಎಳೆದುಕೊಂಡು ಉರಿಸುವುದೂ ಉಂಟು. ಹೊಗೆ ದಟ್ಟವಾಗುತ್ತದೆ. ಮಾಲೀಕರು ಪೆಟ್ರೋಲಿಗೆ ಆಯಿಲ್ ಜಾಸ್ತಿಯಾಯಿತೆಂದು ಕಡಿಮೆ ಹಾಕುತ್ತಾರೆ, ಎಂಜಿನ್ ಕಚ್ಚಿ ನಿಲ್ಲುತ್ತದೆ.

ನಾನಿದ್ದಾಗಲೇ ಬೆಂಗಳೂರಿನಿಂದ ಬಂದ ಹುಡುಗನೊಬ್ಬ ದುಬಾರಿ ಡಬ್ಬವೊಂದನ್ನು ಮುಂದಿಟ್ಟ. 'ಮೇಸ್ತ್ರಿ, ಇದಕ್ಕಿಂತ ಒಳ್ಳೇ ಆಯಿಲ್ ಇಲ್ಲ ಅಂದ್ರು ಅಂಗಡೀಲಿ.' ಅವರು ಡಬ್ಬ ತಿರುಗಿಸಿ ಓದಿ ವಾಪಸು ಕೊಟ್ಟರು. 'ಒಳ್ಳೇದೇ ಮಗಾ, ಕಾರಿಗೆ. ನಿನ್ನ ಗಾಡಿ ಕ್ಲಚ್ಚು ಎಣ್ಣೆಯೊಳಗೇ ತಿರುಗುತ್ತೆ.'

ಮಾತಿನ ಸಾರ ಇಷ್ಟೇ. ಜಾವಾದಲ್ಲಿ ಎರಡು ಎಣ್ಣೆ, ಎರಡು ಕೆಲಸ. ಗೇರ್ ಬಾಕ್ಸ್, ಪ್ರೈಮರಿ ಚೈನ್, ಕ್ಲಚ್ ಮೂರಕ್ಕೂ ಒಂದೇ ಎಣ್ಣೆ, ಸುಮಾರು ಒಂದು ಲೀಟರ್. ಕ್ಲಚ್ ಪ್ಲೇಟುಗಳಿಗೆ ಇರುವುದು ಕಾರ್ಕ್. ಈಗಿನ ಕಾರಿನ ಅನೇಕ ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕ ಇರುವುದರಿಂದ ಕ್ಲಚ್ ಜಾರುತ್ತದೆ. 'ಗೇರ್ ಬಾಕ್ಸ್ ತಾನೇ' ಎಂದು ಇಪಿ 90 ಗೇರ್ ಆಯಿಲ್ ಸುರಿದರೆ ಅದು ಮಂದ. ಅದರಲ್ಲಿನ ಗಂಧಕದ ಅಂಶ ಕಂಚಿನ ಬುಷ್ಷನ್ನೂ ತಿನ್ನಬಲ್ಲದು. ಎಸ್‌ಎಇ 30 ಸಾದಾ ಮಿನರಲ್ ಆಯಿಲ್, ಇಲ್ಲವೇ ಡಬ್ಬದ ಮೇಲೆ 'ಜಾಸೊ ಎಂಎ' ಗುರುತಿರುವ 20ಡಬ್ಲ್ಯು-40 ಬೈಕ್ ಆಯಿಲ್ ಸಾಕು.

ಎರಡನೆಯದು ಪೆಟ್ರೋಲಿನ ಜತೆ ಹೋಗುವ 2ಟಿ ಆಯಿಲ್. ಟೂ ಸ್ಟ್ರೋಕ್ ಎಂಜಿನ್ನಿನ ಪಿಸ್ಟನ್, ಕ್ರ್ಯಾಂಕ್, ಬೇರಿಂಗ್‌ಗಳಿಗೆ ಜಿಡ್ಡು ಸಿಗುವುದು ಇದರಿಂದ ಮಾತ್ರ. ಹಳೆಯ ಜಾವಾ ಕೈಪಿಡಿಯ ಲೆಕ್ಕ 25ಕ್ಕೆ 1, ಅಂದರೆ ಲೀಟರಿಗೆ 40 ಎಂಎಲ್. ಹೊಸದಾಗಿ ಬೋರ್ ಮಾಡಿಸಿದ ಗಾಡಿಗೆ 20ಕ್ಕೆ 1. ಆಯಿಲ್ ಹೆಚ್ಚಾದರೆ ಪ್ಲಗ್ ಕಪ್ಪಾಗಿ, ಸೈಲೆನ್ಸರಿನಲ್ಲಿ ಕಾರ್ಬನ್ ಕಟ್ಟುತ್ತದೆ. ಅಷ್ಟೇ ಅಲ್ಲ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ತಗ್ಗಿ ಎಂಜಿನ್ ಹೆಚ್ಚು ಬಿಸಿಯಾಗುವುದೂ ಉಂಟು. ಡಬ್ಬದ ಮೇಲೆ ನೋಡಬೇಕಾದ ಗುರುತು 'ಜಾಸೊ ಎಫ್‌ಸಿ' ಅಥವಾ 'ಎಫ್‌ಡಿ'. ಹೊಗೆ, ಮಸಿ ಎರಡೂ ಕಡಿಮೆ.

ಮೇಸ್ತ್ರಿ ಒತ್ತಿ ಹೇಳಿದ ಇನ್ನೊಂದು ಮಾತು ಚಾಮುಂಡಿ ಬೆಟ್ಟ ಇಳಿಯುವವರಿಗೆ. ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿದರೆ ಪೆಟ್ರೋಲ್ ಹೋಗುವುದು ತೀರಾ ಕಡಿಮೆ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ. ಎಂಜಿನ್ ಮಾತ್ರ ವೇಗವಾಗಿ ತಿರುಗುತ್ತಲೇ ಇರುತ್ತದೆ. ಆಗಾಗ ಥ್ರಾಟಲ್ ಕೊಡುತ್ತಾ ಇಳಿಯಬೇಕು. ಎಷ್ಟೇ ಒಳ್ಳೆಯ ಆಯಿಲ್ ಹಾಕಿದರೂ ಈ ಅಭ್ಯಾಸವಿಲ್ಲದಿದ್ದರೆ ಪಿಸ್ಟನ್ ಉಳಿಯುವುದಿಲ್ಲ.

ಜಾವಾ ಹುಟ್ಟಿದ್ದು 1929ರಲ್ಲಿ, ಪ್ರಾಗ್‌ನಲ್ಲಿ. ಮೈಸೂರಿಗೆ ತಂದವರು ರುಸ್ತುಂ ಮತ್ತು ಫರೋಖ್ ಇರಾನಿ. ಬೆಂಬಲವಾಗಿ ನಿಂತವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. 1960ರ ದಶಕದ ಆರಂಭದಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಗಾಡಿಗಳು ಹೊರಬಂದವು. 1973ರಿಂದ ಅವೇ ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲಿ ಮರಳಿ ಬಂದಿದೆ, ಆದರೆ ಹೊಸದು ಫೋರ್ ಸ್ಟ್ರೋಕ್. ಅದರ ಆಯಿಲ್ ಲೆಕ್ಕವೇ ಬೇರೆ.

ಹಳೇ ಗಾಡಿಗಳಿಗೆ ಈಗ ಹೊಸ ಸಂಕಟ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನ ತಳದಲ್ಲಿ ನೀರು ಮತ್ತು ಎಥನಾಲ್ ಸೇರಿ ಬೇರೆ ಪದರವಾದರೆ 2ಟಿ ಆಯಿಲ್ ಆ ಪದರದಲ್ಲಿ ಬೆರೆಯುವುದಿಲ್ಲ. ಪೆಟ್ರೋಲ್ ಕೊಳವೆ ತಳದ ಆ ಪದರವನ್ನೇ ಎಳೆಯಬಹುದು. ಇನ್ನೊಂದು ತೊಂದರೆ 2ಟಿ ಹಾಕಿಸುವುದು. ಒಂದು ಕಾಲಕ್ಕೆ ಬಂಕ್‌ಗಳಲ್ಲಿ ಗಾಜಿನ ಅಳತೆಯಿದ್ದ ಕೈಪಂಪಿನಿಂದ 2ಟಿ ಹಾಕಿಕೊಡುತ್ತಿದ್ದರು. ಈಗ ಬಂಕಿನ ಹುಡುಗರಿಗೆ ಅದೇನೆಂದೇ ಗೊತ್ತಿಲ್ಲ.

ಇಂಥ ಮೇಸ್ತ್ರಿಗಳ ಬಳಿ ಕಲಿಯಲು ಈಗ ಹುಡುಗರು ಬರುತ್ತಿಲ್ಲ. ಬಿಡಿಭಾಗಗಳನ್ನು ಮತ್ತೆ ತಯಾರಿಸಬಹುದು; ಅಂಗೈಯಲ್ಲಿ ಎಣ್ಣೆ ಓದುವ ವಿದ್ಯೆಯನ್ನು ಕೂತು ಕಲಿಯಬೇಕು. ನಿಮ್ಮ ಮನೆಯ ಮೂಲೆಯಲ್ಲಿ ಅಪ್ಪನ ಜಾವಾ ನಿಂತಿದ್ದರೆ ಕಿಕ್ ಹೊಡೆಯುವ ಮೊದಲು ಟ್ಯಾಂಕಿನ ಹಳೇ ಪೆಟ್ರೋಲ್ ಖಾಲಿ ಮಾಡಿ, ಗೇರ್ ಬಾಕ್ಸ್ ಆಯಿಲ್ ಬದಲಿಸಿ. ಅದನ್ನು ನಿಮ್ಮೂರಿನ ಹಳೇ ಮೇಸ್ತ್ರಿಯ ಕೈಯಲ್ಲೇ ಮಾಡಿಸಿ, ಪಕ್ಕದಲ್ಲಿ ಕೂತು ನೋಡಿ, ಅವರು ಹೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ.