ಅರವತ್ತು ಅಣುಗಳ ಅಪ್ಪಣೆ

ಮಳೆಗಾಲದಲ್ಲಿ ಶರಾವತಿ ಸೀಮೆಯ ಕಾರ್ಗಲ್ಲಿನ ಕಡೆ ಬಂಡೆಯ ಮೇಲೆ ಕಾಲಿಡುವಾಗ ಎಚ್ಚರ ಬೇಕು, ಹಾವಸೆ ಜಾರುತ್ತದೆ. ಹಸಿರಾಗಿ ಕಾಣುವುದು ಪಾಚಿ. ಅದರೊಡನಿರುವ ಲೋಳೆಯಲ್ಲಿ ಬ್ಯಾಕ್ಟೀರಿಯಾಗಳದೂ ಪಾಲಿದೆ. ಈಜಾಡುತ್ತಿದ್ದ ಬ್ಯಾಕ್ಟೀರಿಯಾಗಳು ಕಲ್ಲಿಗಂಟಿ, ಸುತ್ತ ಲೋಳೆ ಸ್ರವಿಸಿ ನೆಲೆನಿಂತರೆ ಅದೇ ಬಯೋಫಿಲ್ಮ್. ಭೂಮಿಯ ಮೇಲಿನ ಬ್ಯಾಕ್ಟೀರಿಯಾ, ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳ ಕೋಶಗಳಲ್ಲಿ ಶೇ 40ರಿಂದ 80ರಷ್ಟು ಹೀಗೇ ಬದುಕಿವೆ ಎಂದು 2019ರಲ್ಲಿ ಅಂದಾಜಾಯಿತು.

ಈಜುವುದೋ, ನೆಲೆಸುವುದೋ? ಎಷ್ಟೋ ಜಾತಿಗಳಲ್ಲಿ ಇದನ್ನು ತೀರ್ಮಾನಿಸುವುದು ಸೈಕ್ಲಿಕ್ ಡೈ-ಜಿಎಂಪಿ ಎಂಬ ಪುಟ್ಟ ಅಣು. 1987ರಲ್ಲಿ ಜೆರುಸಲೇಮಿನ ಮೋಶೆ ಬೆಂಜಿಮನ್ ತಂಡ ಇದನ್ನು ಪತ್ತೆಹಚ್ಚಿತು. ಒಂದು ಬಗೆಯ ಕಿಣ್ವ ಎರಡು ಜಿಟಿಪಿ ಅಣುಗಳನ್ನು ಬೆಸೆದು ಇದನ್ನು ತಯಾರಿಸುತ್ತದೆ, ಇನ್ನೊಂದು ಬಗೆಯದು ಕತ್ತರಿಸಿ ಹಾಕುತ್ತದೆ. ಅಣು ಹೆಚ್ಚಿದರೆ ಈಜು ನಿಂತು ಲೋಳೆ ಶುರು. ತಗ್ಗಿದರೆ ಮತ್ತೆ ಈಜು. ಕಾಲರಾ ಬ್ಯಾಕ್ಟೀರಿಯಾದಲ್ಲಂತೂ ಈ ಕೂಡಿಸುವ, ಕತ್ತರಿಸುವ ಪ್ರೋಟೀನುಗಳಿಗೆಂದೇ 60ಕ್ಕೂ ಹೆಚ್ಚು ಜೀನುಗಳಿವೆ. ಒಂದೇ ಅಣುವಿಗೆ ಇಷ್ಟೊಂದು ಕಾವಲು!

ಎಷ್ಟಿದ್ದರೆ ಸಾಕು? ಬ್ಯಾಕ್ಟೀರಿಯಾದ ಗಾತ್ರ ಲೀಟರಿನ ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲು ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಸುಮಾರು 60 ಅಣುಗಳಿದ್ದರೂ ಸಾಕು, ಕೆಲವು ಪ್ರೋಟೀನುಗಳು ಅದನ್ನು ಗುರುತಿಸಿ ಕೆಲಸಕ್ಕಿಳಿಯುತ್ತವೆ. ಕಾರ್ಗಲ್ಲಿನ ಪಕ್ಕದಲ್ಲೇ ಇರುವ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟನ್ನೇ ಅಳತೆಗೆ ಹಿಡಿಯೋಣ. ತುಂಬಿದಾಗ ಅಲ್ಲಿ ಸುಮಾರು 151 ಟಿಎಂಸಿ, ಅಂದರೆ 430 ಕೋಟಿ ಟನ್ ನೀರು. ಬ್ಯಾಕ್ಟೀರಿಯಾ ಒಂದರ ಗಾತ್ರಕ್ಕಿಂತ ಅದು ಎಷ್ಟು ಪಟ್ಟು ದೊಡ್ಡದೆಂದರೆ, 43ರ ಮುಂದೆ 26 ಸೊನ್ನೆ ಬರೆಯಬೇಕು. ಶರಾವತಿಯ ಈ ಹಿನ್ನೀರಿನಷ್ಟೂ ನೀರನ್ನು ಅದೇ ಹದಕ್ಕೆ ತರಲು ಬೇಕಾಗುವ ಸೈಕ್ಲಿಕ್ ಡೈ-ಜಿಎಂಪಿ 300 ಟನ್, ಅಂದರೆ ಹತ್ತು ಟನ್ನಿನ 30 ಲಾರಿ. ಒಂದು ಗ್ರಾಮಿಗೆ 14,000 ಲೀಟರಿಗೂ ಹೆಚ್ಚು ನೀರು. ನಾನು ಈ ಲೆಕ್ಕವನ್ನು ನಂಬಲಾಗದೆ ಮತ್ತೆ ಮತ್ತೆ ಮಾಡಿ ನೋಡಿದ್ದೇನೆ.

ಈ ಅಣುವಿನ ಅಪ್ಪಣೆಯಂತೆ ನೆಲೆಸಿದ ಮೇಲೆ ಬ್ಯಾಕ್ಟೀರಿಯಾಗಳು ಸುಲಭಕ್ಕೆ ಕದಲುವುದಿಲ್ಲ. ಈಜಾಡುವಾಗ ಸಾಯಿಸುವ ಔಷಧಿಯ ಸಾವಿರ ಪಟ್ಟನ್ನೂ ಲೋಳೆಯೊಳಗೆ ತಾಳಿಕೊಳ್ಳಬಲ್ಲವು. ಕ್ಲೋರಿನ್ ಕೂಡ ಲೋಳೆಯ ಮೇಲ್ಪದರದಲ್ಲೇ ಬಹುಪಾಲು ಖರ್ಚಾಗಿಬಿಡುತ್ತದೆ. ಆದ್ದರಿಂದ ಮನೆಯ ನೀರಿನ ಟ್ಯಾಂಕಿಗೆ ಬರೀ ಬ್ಲೀಚಿಂಗ್ ಪುಡಿ ಸುರಿದು ಸುಮ್ಮನಾಗಬೇಡಿ. ಮೊದಲು ಖಾಲಿ ಮಾಡಿ, ಒಳಗೋಡೆಯ ಲೋಳೆಯನ್ನು ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ, ಪುಡಿ ಆಮೇಲೆ.