ಗೊಡ್ಡಾಗದ ಕಾಡು ತೊಗರಿ

ಭೀಮಾ ದಂಡೆಯ ಅಗರಖೇಡ, ಇಂಡಿ, ಸಿಂದಗಿ ಕಡೆಯ ಎರೆ ಹೊಲಗಳಲ್ಲಿ ತೊಗರಿ ಬೆಳೆಯುವವರಿಗೆ ಗೊಡ್ಡು ರೋಗದ ಪರಿಚಯ ಮಾಡಿಕೊಡಬೇಕಿಲ್ಲ. ಗಿಡ ಸಾಯುವುದಿಲ್ಲ. ಎಲೆ ಸಣ್ಣದಾಗಿ, ತಿಳಿಹಳದಿ ಮಚ್ಚೆ ಮೂಡಿ ಪೊದೆಯಂತೆ ನಿಲ್ಲುತ್ತದೆ. ಪಕ್ಕದ ಸಾಲು ಹೂವಾಡಿ ಕಾಯಿ ಕಟ್ಟಿದರೂ ಇದು ಬರೀ ಹಸಿರು. ಬಿತ್ತಿದ ಒಂದೂವರೆ ತಿಂಗಳೊಳಗೆ ರೋಗ ತಗುಲಿದರೆ ಆ ಗಿಡದ ಫಸಲಿನ ಆಸೆ ಬಿಡಬೇಕು.

1931ರಲ್ಲೇ ಬಿಹಾರದ ಪೂಸಾದಲ್ಲಿ ಈ ರೋಗ ದಾಖಲಾಗಿತ್ತು. ಅದರ ಹಿಂದಿರುವ ವೈರಸ್ಸನ್ನು ಹಿಡಿದು ತೋರಿಸಲು ಸುಮಾರು ಎಪ್ಪತ್ತು ವರ್ಷ ಹಿಡಿಯಿತು. ವೈರಸ್ಸನ್ನು ಹೊತ್ತು ತಿರುಗುವುದು ಬರಿಗಣ್ಣಿಗೆ ಕಾಣದ, ರೆಕ್ಕೆಯಿಲ್ಲದ ಒಂದು ನುಸಿ. ಗಾಳಿಯೇ ಅದನ್ನು ಹೊಲದಿಂದ ಹೊಲಕ್ಕೆ ದಾಟಿಸುತ್ತದೆ.

1986ರಲ್ಲಿ ಕರ್ನಾಟಕಕ್ಕೆ ಬಂದ ಮಾರುತಿ ತಳಿ ನೆಟೆ ರೋಗವನ್ನು ತಡೆಯಿತು, ಗೊಡ್ಡಿಗೆ ಸೋತಿತು. ಮುಂದೆ ಬಂದ ಆಶಾದಂಥ ತಳಿಗಳು ಎರಡನ್ನೂ ಎದುರಿಸಿದವು. ಆದರೆ ವೈರಸ್ ಎಲ್ಲೆಡೆ ಒಂದೇ ಬಗೆಯದಲ್ಲ. ಬೆಂಗಳೂರಿನ ಬಗೆ ಹೈದರಾಬಾದ್ ಕಡೆಯದಕ್ಕಿಂತ ಉಗ್ರ. ಹೈದರಾಬಾದಿನಲ್ಲಿ ಗೆದ್ದ ತಳಿ ಬೆಂಗಳೂರಿನಲ್ಲಿಯೂ ಗೆಲ್ಲುತ್ತದೆ ಎನ್ನುವಂತಿಲ್ಲ.

ಆದ್ದರಿಂದಲೇ ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತೊಗರಿಯ ಕಾಡು ಬಂಧುಗಳತ್ತ ತಿರುಗಿದರು. ಅವರ ಪರೀಕ್ಷೆ ಬಲು ಸರಳ: ರೋಗದ ಎಲೆಯನ್ನು ಎಳೆ ಸಸಿಯ ಎಲೆಗೆ ಸ್ಟೇಪಲ್ ಪಿನ್ನಿನಿಂದ ಜೋಡಿಸುತ್ತಾರೆ. ರೋಗದೆಲೆ ಒಣಗುತ್ತಿದ್ದಂತೆ ನುಸಿಗಳು ಹಸಿ ಎಲೆಗೆ ಹರಿದು ಬರುತ್ತವೆ. ಹುಲ್ಲುಗಾವಲಲ್ಲಿ ಬಳ್ಳಿಯಾಗಿ ಹಬ್ಬುವ ಕಜಾನಸ್ ಸ್ಕ್ಯಾರಬಿಯಾಯ್ಡಿಸ್ ಎಂಬ ಕಾಡು ತೊಗರಿಯ ಹಲವು ಮಾದರಿಗಳು ಈ ಪರೀಕ್ಷೆಯಲ್ಲಿ ರೋಗಕ್ಕೆ ಜಗ್ಗಲಿಲ್ಲ. ಆದರೆ ರೋಗದ ಗಿಡವನ್ನು ಅವುಗಳಿಗೆ ಕಸಿ ಕಟ್ಟಿದಾಗ ಕೆಲವಕ್ಕೆ ರೋಗ ತಗುಲಿತು. ಅಂದರೆ ಅಂಥವು ತಡೆಯುತ್ತಿದ್ದದ್ದು ವೈರಸ್ಸನ್ನಲ್ಲ, ನುಸಿಯನ್ನು. ನನಗೆ ಇದು ಇಡೀ ಕೆಲಸದ ಅತಿ ಮುಖ್ಯ ತಿಳಿವಳಿಕೆ ಅನ್ನಿಸುತ್ತದೆ: ನುಸಿಗೆ ಬಾಗಿಲು ಹಾಕುವ ಗುಣವನ್ನೂ ವೈರಸ್ಸಿಗೆ ಬಗ್ಗದ ಗುಣವನ್ನೂ ಒಂದೇ ತಳಿಯಲ್ಲಿ ಕೂಡಿಸಿದರೆ ರೋಗಕ್ಕೆ ದಾರಿ ಸಿಗುವುದು ಕಷ್ಟ. ಈ ಕಾಡು ಬಳ್ಳಿ ನಮ್ಮ ತೊಗರಿಯೊಂದಿಗೆ ಸಂಕರಕ್ಕೂ ಒಗ್ಗುತ್ತದೆ.

ಕಾಡು ಬಂಧುವಿನಿಂದ ರೋಗ ತಡೆಯುವ ಗುಣ ತರುವ ಕೆಲಸ ಭತ್ತದಲ್ಲಿ ಆಗಿಹೋಗಿದೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಗ್ರಾಸಿ ಸ್ಟಂಟ್ ವೈರಸ್ಸಿಗೆ ಮದ್ದು ಹುಡುಕುತ್ತ 6,000ಕ್ಕೂ ಹೆಚ್ಚು ಮಾದರಿ ಜಾಲಾಡಿತು. ಗುಣ ಸಿಕ್ಕಿದ್ದು ಉತ್ತರ ಪ್ರದೇಶದ ಒಂದು ಕಾಡು ಭತ್ತದಲ್ಲಿ. 1976ರ ಐಆರ್-36 ತಳಿಯಲ್ಲಿ ಆ ಗುಣವಿತ್ತು.

ಹೊಸ ತಳಿ ಬರುವವರೆಗೆ ರೈತರ ಕೈಯಲ್ಲೂ ಒಂದು ಕೆಲಸವಿದೆ. ಬೇಸಿಗೆಯಲ್ಲಿ ಬದುವಿನ ಮೇಲೆ ಉಳಿದ ಹಳೆಯ ತೊಗರಿ, ಕೂಳೆ ಚಿಗುರುಗಳಲ್ಲೇ ನುಸಿ ಮುಂದಿನ ಮುಂಗಾರಿನವರೆಗೆ ಬದುಕಿರುತ್ತದೆ. ಬಿತ್ತುವ ಮೊದಲು ಅವನ್ನು ಬುಡಸಮೇತ ಕಿತ್ತುಹಾಕಿ.